ತಾರೀಖು ಇಮಾಮುದ್ದೀನನ ಎಲೂಲ್ ತಿಂಗಳು

ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ಇಮಾಮುದ್ದೀನ್ ಎಂದು ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ತಾರೀಖು ಇಮಾಮುದ್ದೀನ್ ಎನ್ನಬೇಕು. ಮೂವತ್ತೆಂಟು ವರ್ಷ ಒಂದೇ ಛಾಪಖಾನೆಯಲ್ಲಿ ಮೊದಲು ಅಚ್ಚುಮೊಳೆ ಜೋಡಿಸಿ, ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ಅಂಗಡಿಯವರು ಗಿರಾಕಿಗಳಿಗೆ ಹಂಚುವ ಕ್ಯಾಲೆಂಡರುಗಳನ್ನು ತಯಾರಿಸಿದವನು ಅವನು. ಚೌಕದ ನಡುವೆ ಇಂಗ್ಲಿಷ್ ತಾರೀಖು ದಪ್ಪಗೆ, ಎಡಕ್ಕೆ ತಿಥಿ, ಬಲಕ್ಕೆ ಹಿಜರಿ ಚಾಂದ್. ಉರುಸು ಯಾವಾಗ, ಸಂಕಷ್ಟಿ ಯಾವಾಗ, ಮೊದಲ ರೋಜಾ ಯಾವಾಗ ಎಂದು ಆಟೋದವರು ಗಾಡಿ ನಿಲ್ಲಿಸಿ ಕೇಳಿದರೆ ತಲೆ ಎತ್ತದೆಯೇ ಹೇಳುತ್ತಿದ್ದ. ಛಾಪಖಾನೆಯಿಂದ ನಿವೃತ್ತನಾದ ಮೇಲೂ ಜನ ಕೇಳುವುದು ಬಿಡಲಿಲ್ಲ. “ನನ್ನ ತಾರೀಖು ಒಮ್ಮೆನೂ ತಪ್ಪಿಲ್ಲ” ಎಂದು ಎದೆ ತಟ್ಟಿ ಹೇಳುವುದನ್ನು ಅವನೂ ಬಿಡಲಿಲ್ಲ.

ಒಮ್ಮೆ ತಪ್ಪಿತ್ತು. ಅದು ಅವನೊಬ್ಬನಿಗೇ ಗೊತ್ತಿತ್ತು.

ಅವನು ನಿವೃತ್ತನಾದ ಮರುವರ್ಷ ಅಧಿಕ ಶ್ರಾವಣ ನಡೆದಿತ್ತು. ಒಂದು ದಿನ ಮಿಲ್ಕಾಬಾಯಿಯವರು ಕೊಡೆ ಊರಿಕೊಂಡು ಅವನ ಮನೆಗೆ ಬಂದರು. ಎಂಬತ್ತೊಂದು ವರ್ಷದ ನಿವೃತ್ತ ನರ್ಸ್. ಇಮಾಮುದ್ದೀನನ ಮಗಳು ಉಮ್ಮೆ ಹಾನಿ ಹುಟ್ಟಿದ್ದು ಇವರ ಕೈಯಲ್ಲೇ. ಕೊಂಕಣದ ಕಡೆಯ ಯಹೂದಿ ಮನೆತನ, ಮನೆಮಾತು ಮರಾಠಿ. ರೈಲ್ವೆಯಲ್ಲಿದ್ದ ಗಂಡನ ಜೊತೆ ಈ ಊರಿಗೆ ಬಂದು, ಗಂಡ ತೀರಿದ ಮೇಲೂ ಇಲ್ಲೇ ಉಳಿದಿದ್ದರು. ಬಜಾರಿನ ಮಂದಿ ಅವರನ್ನು ಕ್ರಿಶ್ಚಿಯನ್ನರೆಂದೇ ತಿಳಿದು ಡಿಸೆಂಬರ್ ಬಂದರೆ ಕೇಕು ತಂದು ಕೊಡುತ್ತಿದ್ದರು. ಮೊದಮೊದಲು ತಿದ್ದಲು ನೋಡಿದ ಬಾಯಿಯವರು, ಕೇಕು ಚೆನ್ನಾಗಿರುವುದನ್ನು ಕಂಡು ತಿದ್ದುವುದನ್ನು ಬಿಟ್ಟಿದ್ದರು.

“ಇಮಾಮ್‌ಭಾಯ್, ಮುಂಬೈದಿಂದ ನನ್ನ ತಮ್ಮ ಪ್ರತಿ ವರ್ಷ ನಮ್ಮ ಕ್ಯಾಲೆಂಡರ್ ಕಳಸ್ತಿದ್ದ. ಈ ಸಲ ತಮ್ಮನೇ ಇಲ್ಲ. ನಂಗೊಂದು ಮಾಡಿ ಕೊಡ್ತೀರೇನು? ಒಂದೇ ಪ್ರತಿ ಸಾಕು.”

ನಿವೃತ್ತಿಯಾಗಿ ವರ್ಷವಿಡೀ ಕೈ ಕಟ್ಟಿ ಕೂತಿದ್ದ ಇಮಾಮುದ್ದೀನನಿಗೆ ಸಕ್ಕರೆ ಬಾಯಿಗೆ ಹಾಕಿದಂತಾಯಿತು. ಮರುದಿನದಿಂದಲೇ ಅವರ ಮನೆಗೆ ನೋಟುಬುಕ್ಕು ಹಿಡಿದು ಹೋಗತೊಡಗಿದ. ಬಾಯಿಯವರು ತಿಂಗಳ ಹೆಸರು ಹೇಳುವುದಷ್ಟೇ ಅಲ್ಲ, ಆ ತಿಂಗಳು ಮನುಷ್ಯನಿಂದ ಏನು ಕೇಳುತ್ತದೆ ಎಂಬುದನ್ನೂ ಬರೆಸಿದರು. ನಿಸಾನ್ ಬಂದರೆ ಮನೆಯಲ್ಲಿರುವ ಹುಳಿಹಿಟ್ಟೆಲ್ಲ ಹೊರಗೆ ಹೋಗಬೇಕು, ಅದರ ಜೊತೆ ಹಿಟ್ಟಿನ ಹಾಗೆ ಉಬ್ಬಿದ ಅಹಂಕಾರವೂ. ಈಯಾರ್ ರೋಗ ವಾಸಿಯಾಗುವ ತಿಂಗಳು. ಆವ್‌ನಲ್ಲಿ ಅತ್ತು, ಅದೇ ಆವ್‌ನಲ್ಲಿ ಕಣ್ಣೊರೆಸಿಕೊಳ್ಳಬೇಕು. ಕಿಸ್ಲೇವ್‌ಗೆ ದೀಪ. ಹೆಶ್ವಾನ್‌ನಲ್ಲಿ ಹಬ್ಬವೇ ಇಲ್ಲ.

“ಒಂದೂ ಇಲ್ಲೇನ್ರೀ?”

“ಒಂದೂ ಇಲ್ಲ. ಅದರ ಹಿಂದಿನ ತಿಂಗಳ ತುಂಬ ಹಬ್ಬ ಇರ್ತಾವಲ್ಲ, ದೇವರಿಗೂ ದಣಿವಾಗಿರ್ತದ.”

ಕರಡು ತಯಾರಾದಾಗ ‘ಅದಾರ್’ ಎಂಬ ತಿಂಗಳು ಎರಡು ಸಲ ಬಂದಿತ್ತು. ಮೂವತ್ತೆಂಟು ವರ್ಷ ತಪ್ಪು ತಿದ್ದಿದ ಕೈ ಸುಮ್ಮನಿರುವುದೇ? ಒಂದನ್ನು ಕೆಂಪು ಪೆನ್ನಿನಿಂದ ಹೊಡೆದು ಹಾಕಿದ. ಅದನ್ನು ಕಂಡು ಮಿಲ್ಕಾಬಾಯಿ ಕುರ್ಚಿಯಿಂದ ಎದ್ದೇ ಬಿಟ್ಟರು.

“ಅಯ್ಯೋ, ಒಂದು ತಿಂಗಳೇ ತಿಂದು ಬಿಟ್ರಲ್ಲ! ಅದಾರ್ ಅಂದ್ರ ಖುಷಿ ತಿಂಗಳು. ಕೆಲವು ವರ್ಷ ಎರಡು ಸಲ ಬರ್ತದ. ಇಲ್ಲಂದ್ರ ನಮ್ಮ ವಸಂತದ ಹಬ್ಬ ಜಾರಿ ಜಾರಿ ಚಳಿಗಾಲಕ್ಕ ಹೋಗ್ತದ.”

ಇಮಾಮುದ್ದೀನ್ ಅಲ್ಲಿಂದಲೇ ಕಮಲಾಪುರದ ಗೆಳೆಯ ಖಂಡೆಪ್ಪನಿಗೆ ಫೋನು ಮಾಡಿದ. ಖಂಡೆಪ್ಪ ಕೆಂಪು ಬಾಳೆ ಬೆಳೆಯುವವನು, ಓಣಿಯವರಿಗೆಲ್ಲ ಪಂಚಾಂಗ ನೋಡಿ ಹೇಳುವವನು. ಯಹೂದಿಗಳಿಗೂ ಅಧಿಕಮಾಸವಿದೆ ಎಂದು ಕೇಳಿ ಅವನು ಹಿಗ್ಗಿ ಹೀರೆಕಾಯಾದ.

“ನೋಡೋ ಇಮಾಮಾ, ನಿಮ್ಮ ಚಂದ್ರಗ ಮೂಗದಾರಿಲ್ಲ, ವರ್ಷೆಲ್ಲಾ ತಿರಗ್ತಾನ. ನಮ್ಮದು, ಬಾಯಿಯವರದು ಗೂಟಕ್ಕ ಕಟ್ಟಿದ ಚಂದ್ರ.”

“ತಿರಗೋದಕ್ಕ ನಮಗ ಒಮ್ಮೊಮ್ಮೆ ಚಳಿಗಾಲದ ರೋಜಾ ಸಿಗ್ತದ. ನೀ ಸುಮ್ಕಿರು” ಎಂದ ಇಮಾಮುದ್ದೀನ್. ಶೆವಾತ್ ತಿಂಗಳಲ್ಲಿ ಗಿಡಗಳಿಗೂ ಹೊಸ ವರ್ಷ ಉಂಟೆಂದು ಹೇಳಿದಾಗ ಖಂಡೆಪ್ಪ, ಬಾಳೆಗೂ ಉಂಟೇ ಎಂದು ಕೇಳಿಸಿದ. ಗೊನೆ ಬಿಟ್ಟ ಮೇಲೆ ಕಾಂಡ ಉಳಿಯದ ಬಾಳೆಯನ್ನು ತಮ್ಮ ಹಿರಿಯರು ಮರವೆಂದು ಎಣಿಸಿಲ್ಲ ಎಂದರು ಬಾಯಿಯವರು. ಖಂಡೆಪ್ಪ ಎರಡು ದಿನ ಫೋನು ಎತ್ತಲಿಲ್ಲ.

ಅಧಿಕ ಶ್ರಾವಣ ಮುಗಿಯಿತು. ಅಮಾವಾಸ್ಯೆ ಕಳೆದು ಖಂಡೆಪ್ಪನಿಗೆ ನಿಜ ಶ್ರಾವಣ, ಇಮಾಮುದ್ದೀನನಿಗೆ ಸಫರ್, ಮಿಲ್ಕಾಬಾಯಿಯವರಿಗೆ ಎಲೂಲ್, ಮೂರೂ ಒಂದೇ ಚಂದ್ರನ ಬೆನ್ನಿಗೆ ಬಂದವು. ಇಮಾಮುದ್ದೀನ್ ಎಲೂಲ್‌ನ ಅರ್ಥ ಬರೆದುಕೊಳ್ಳಲು ಕೂತ.

“ಇದು ಹೊಸ ವರ್ಷದ ಹಿಂದಿನ ತಿಂಗಳು” ಎಂದರು ಬಾಯಿಯವರು. “ರಾಜಾ ಅರಮನಿ ಬಿಟ್ಟು ಹೊಲಕ್ಕ ಬರ್ತಾನ ಅಂತಾರ. ಚಪ್ಪಲಿ ಕೆಸರಾಗಿದ್ರೂ ನಡೀತದ, ಯಾರು ಬೇಕಾದ್ರೂ ಹೋಗಿ ಮಾತಾಡಬಹುದು. ಆದ್ರ ಒಂದದ. ದೇವರಿಗೆ ಮಾಡಿದ ತಪ್ಪು ದೇವರು ಮಾಫ್ ಮಾಡ್ತಾನ. ಮನುಷ್ಯಾಗ ಮಾಡಿದ್ದು ಮಾಡಲ್ಲ. ಅದಕ್ಕ ಆ ಮನುಷ್ಯಾನ ಮನಿಗೇ ಹೋಗಬೇಕು.”

ಇಮಾಮುದ್ದೀನನ ಪೆನ್ನು ನಿಂತಿತು. ಇದೇ ಮಾತನ್ನು ಅವನು ಮಸೀದಿಯಲ್ಲಿ ಎಷ್ಟು ಸಲ ಕೇಳಿಲ್ಲ! ಆದರೆ ಅಲ್ಲಿ ಕಂಬಕ್ಕೊರಗಿ ಕೇಳುತ್ತಿದ್ದ. ಇಲ್ಲಿ ತನ್ನ ಕೈಯಿಂದ ಬರೆಯಬೇಕಾಗಿತ್ತು.

ನಡೆದದ್ದು ಹೀಗೆ. ಹನ್ನೊಂದು ವರ್ಷದ ಹಿಂದೆ ಒಂದು ಕಿರಾಣಿ ಅಂಗಡಿಗೆಂದು ಮಾಡಿದ ಕ್ಯಾಲೆಂಡರಿನಲ್ಲಿ ಎಳ್ಳಮಾವಾಸ್ಯೆ ಒಂದು ಚೌಕ ಹಿಂದೆ ಬಿದ್ದಿತ್ತು. ಅಂಗಡಿಯ ಗಿರಾಕಿಗಳೆಲ್ಲ ಹೊಲವಿಲ್ಲದ ಪೇಟೆಯವರು, ಯಾರೂ ಗಮನಿಸಲಿಲ್ಲ. ಅದರಲ್ಲೊಂದನ್ನು ಅವನೇ ಪ್ರೀತಿಯಿಂದ ಖಂಡೆಪ್ಪನ ಮನೆಗೆ ಕೊಟ್ಟಿದ್ದ. ಖಂಡೆಪ್ಪನಿಗೆ ಆ ವಾರ ಜ್ವರ. ಪಂಚಾಂಗ ತೆಗೆಯಲಾರದೆ ಹೆಂಡತಿ ಭಾಗಮ್ಮನನ್ನು ಕೇಳಿದ. ಅವಳು ಗೋಡೆ ನೋಡಿ ದಿನ ಹೇಳಿದಳು. ಆ ದಿನ ಮೂವತ್ತು ಮಂದಿ ಬೀಗರು ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂಡಿ ಹೂಡಿ ಹೊಲಕ್ಕೆ ಹೋಗಿ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿದರು. ಸುತ್ತಲಿನ ಹೊಲದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮರುದಿನ ಇಡೀ ಕಮಲಾಪುರ ಹೊಲಕ್ಕೆ ಹೊರಟಾಗ ಖಂಡೆಪ್ಪನ ಮನೆಯವರು ತಂಗಳು ಭಜ್ಜಿ ತಿನ್ನುತ್ತ ಕೂತಿದ್ದರು. ಊರು ಅವನಿಗೆ ‘ಮುಂಗಡ ಅಮಾಸಿ’ ಎಂದು ಹೆಸರಿಟ್ಟಿತು. ಅವನು ಸಿಟ್ಟಿನಲ್ಲಿ, ಹೆಂಡತಿ ಚೌಕ ತಪ್ಪು ಓದಿದಳೆಂದು ಎಲ್ಲರೆದುರು ಹೇಳಿದ. ಸುದ್ದಿ ಕೇಳಿದ ಇಮಾಮುದ್ದೀನ್ ಅದೇ ವಾರ ಕಮಲಾಪುರಕ್ಕೆ ಹೋಗಿ, ಯಾರೂ ಇಲ್ಲದಾಗ ಆ ತಿಂಗಳ ಹಾಳೆ ಹರಿದು, ಅದರಲ್ಲಿ ಅವರೇ ಕೊಟ್ಟ ಕೆಂಪು ಬಾಳೆಹಣ್ಣು ಸುತ್ತಿಕೊಂಡು ಬಂದಿದ್ದ.

ಎಲೂಲ್‌ನ ಅರ್ಥ ಬರೆದುಕೊಂಡ ಮರುದಿನ, ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಬಸ್ಸು ಹತ್ತಿ ಅವನು ಕಮಲಾಪುರಕ್ಕೆ ಹೋದ. ಖಂಡೆಪ್ಪ ಕಟ್ಟೆಯ ಮೇಲೆ ಕೂತಿದ್ದ. ಭಾಗಮ್ಮ ಕನ್ನಡಕ ಏರಿಸಿಕೊಂಡು ಜೋಳ ಹಸನು ಮಾಡುತ್ತಿದ್ದಳು. ಇಮಾಮುದ್ದೀನ್ ನೀರು ಕೂಡ ಮುಟ್ಟದೆ ಒಂದೇ ಉಸಿರಿಗೆ ಎಲ್ಲ ಹೇಳಿದ.

ಭಾಗಮ್ಮ ಕನ್ನಡಕ ತೆಗೆದು ಮೊರದಲ್ಲಿಟ್ಟಳು. “ಇದ್ಯಾಕ ಬಂತು ಗೊತ್ತದೇನು ಇಮಾಮಣ್ಣಾ? ಅವತ್ತಿನಿಂದ ನಂಗ ನನ್ನ ಕಣ್ಣ ಮ್ಯಾಲೇ ನಂಬಿಗಿ ಹೋಯ್ತು. ಡಾಕ್ಟರ್ ಕಣ್ಣು ಚಂದ ಅವ ಅಂದ್ರು. ನಾನೇ ಹಟ ಹಿಡದು ಹಾಕ್ಕೊಂಡೀನಿ. ಹನ್ನೊಂದು ವರ್ಷಾತು, ಕಿವಿ ಮ್ಯಾಲ ತೊಗಲು ದಡ್ಡುಗಟ್ಟ್ಯಾದ.” ನಂತರ ಗಂಡನ ಕಡೆ ತಿರುಗಿದಳು. “ಏನಂದ್ರಿ ನೀವು? ಏಳನೇ ಕ್ಲಾಸ್ ಪಾಸಾದಾಕಿಗಿ ಒಂದು ಚೌಕ ಓದ್ಲಾಕ ಬರಲ್ಲ ಅಂದ್ರಿ. ನಮ್ಮ ತವರುಮನಿಯವರ ಮುಂದ ಅಂದ್ರಿ.”

ಖಂಡೆಪ್ಪನಿಗೆ ಹೊಲದಲ್ಲಿ ಮೋಟಾರು ಬಂದ್ ಮಾಡುವುದು ನೆನಪಾಯಿತು. ಮಳೆ ಬರುತ್ತಿದ್ದರೂ ಎದ್ದು ಹೋದ.

“ಭಾಗಕ್ಕಾ, ತಪ್ಪಾಗ್ಯಾದ. ಮಾಫ್ ಮಾಡ್ರಿ.”

“ಮಾಡಲ್ಲ” ಎಂದಳು ಭಾಗಮ್ಮ. “ಊಟ ಮಾಡ್ಕೊಂಡು ಹೋಗ್ರಿ.”

ಇಮಾಮುದ್ದೀನ್ ಪೆಚ್ಚುಮೋರೆ ಹೊತ್ತು ಮಿಲ್ಕಾಬಾಯಿಯವರ ಮುಂದೆ ಕೂತ. ಅವರು ಸಮಾಧಾನವಾಗಿ ಹೇಳಿದರು: “ಮೂರು ಸಲ ಕೇಳ್ರಿ. ಮೂರು ಸಲ ಮನಸಿನಿಂದ ಕೇಳಿದ್ರೂ ಅವರು ಇಲ್ಲ ಅಂದ್ರ, ತಪ್ಪು ನಿಮ್ಮ ಹೆಗಲ ಮ್ಯಾಲಿಂದ ಇಳೀತದ.”

ಎರಡನೆಯ ಸಲ ಹೋದಾಗ, ಸುಳ್ಳು, ಮುಚ್ಚುಮರೆ ಸಾಕೆಂದು, ಈ ಮೂರು ಸಲದ ನಿಯಮವನ್ನೂ ಭಾಗಮ್ಮನಿಗೆ ಹೇಳಿಬಿಟ್ಟ. ಅವಳಿಗೆ ಅದು ಬಹಳ ಹಿಡಿಸಿತು. “ಹಂಗಾದ್ರ ಇನ್ನೊಂದು ಸಲ ಉಳದದ. ಇವತ್ತೂ ಮಾಡಲ್ಲ. ಮುಂದಿನ ಸಲ ದಿಲ್ಶಾದಕ್ಕಗ ಕರಕೊಂಡು ಬರ್ರಿ.”

ಮೂರನೆಯ ಸಲ ಇಮಾಮುದ್ದೀನನ ಹೆಂಡತಿ ದಿಲ್ಶಾದ್ ಬೇಗಂ ಜೊತೆಗೆ ಬಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ತನ್ನ ಪರವಾಗಿ ಎರಡು ಮಾತು ಹಾಕೆಂದು ಅವನು ಬೇಡಿಕೊಂಡಿದ್ದ. ಅವಳು ಅಂಗಳಕ್ಕೆ ಕಾಲಿಡುತ್ತಲೇ, “ಭಾಗಕ್ಕಾ, ಇಷ್ಟು ಜಲ್ದಿ ಮಾಫ್ ಮಾಡಬ್ಯಾಡ್ರಿ. ಮನ್ಯಾಗ ಕುಂತು ಇವರಿಗಿ ಹೊಟ್ಟಿ ಬಂದಿತ್ತು, ನಿಮ್ಮೂರಿಗಿ ಅಡ್ಡಾಡಿ ಈಗ ಕರಗ್ಲಾಕತ್ತದ” ಎಂದಳು. ಇಬ್ಬರೂ ಹೆಂಗಸರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಭಾಗಮ್ಮ ಇಮಾಮುದ್ದೀನನ ಮುಂದೆ ಬಂದು ನಿಂತಳು.

“ಹೋಗ್ರಿ ಅಣ್ಣಾ, ಮಾಫ್ ಅದ. ನೀವು ಮೂರು ಸಲ ಬಸ್ ಹತ್ತಿ ಬಂದ್ರಿ. ಒಂದೇ ಮನ್ಯಾಗ ಇರಾವ ಒಂದು ಸಲನೂ ಕೇಳಿಲ್ಲ.”

ಖಂಡೆಪ್ಪ ಬಾಗಿಲ ಹಿಂದಿನಿಂದ ಗೊಣಗಿದ. “ಅದು ಅವರ ಎಲೂಲ. ನಂದು ಶ್ರಾವಣ.”

“ಶ್ರಾವಣದಾಗ ಹೆಂಡ್ತಿಗಿ ಮಾಫಿ ಕೇಳಬಾರದಂತ ನಿಮ್ಮ ಪಂಚಾಂಗದಾಗ ಎಲ್ಲಿ ಬರದದ, ತಗದು ತೋರಸ್ರಿ. ಈಗ ನಂಗ ಕಣ್ಣು ಚಂದ ಕಾಣಸ್ತಾವ.”

ಪಂಚಾಂಗದಲ್ಲಿ ಹಾಗೆ ಬರೆದಿರಲಿಲ್ಲ. ಎಲ್ಲರೆದುರು ಅಂದದ್ದನ್ನು ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಭಾಗಮ್ಮ ಪಟ್ಟು ಹಿಡಿದಳು. ಮುಂದಿನ ಸಂತೆಯ ದಿನ ಖಂಡೆಪ್ಪ ಬಾಳೆಗೊನೆಗಳ ನಡುವೆ ಎದ್ದು ನಿಂತು, “ಹನ್ನೊಂದು ವರ್ಷದ ಹಿಂದ ಎಳ್ಳಮಾಸಿ ತಪ್ಪಿದ್ದು ನಮ್ಮಾಕಿಯಿಂದಲ್ಲ. ಆಕಿ ಬರೋಬ್ಬರಿ ಓದಿದ್ಳು. ತಪ್ಪು ಅಂದಾವ ನಾನು, ತಪ್ಪು ನಂದು” ಎಂದು ಕೂಗಿದ. ಸಂತೆಯ ಮಂದಿ ಆ ಕತೆಯನ್ನು ಎಂದೋ ಮರೆತಿದ್ದರು. ಈಗ ಎಲ್ಲರಿಗೂ ನೆನಪಾಯಿತು. ಸಂಜೆಯೊಳಗೆ ‘ಮುಂಗಡ ಅಮಾಸಿ’ ಎಂಬ ಹೆಸರು ಮತ್ತೆ ಚಾಲ್ತಿಗೆ ಬಂತು. ಭಾಗಮ್ಮ ಮಾತ್ರ ಆ ಸಂತೆಯಲ್ಲಿ ತಲೆ ಎತ್ತಿ ಎರಡು ಸುತ್ತು ತಿರುಗಿ, ತನಗೆ ಬೇಡವಾದ ಬದನೆಕಾಯಿಯನ್ನೂ ಚೌಕಾಸಿ ಮಾಡಿ ಕೊಂಡಳು.

ಎಲೂಲ್‌ನ ಕೊನೆಯ ದಿನ ಇಳಿಹೊತ್ತಿಗೆ ಮಿಲ್ಕಾಬಾಯಿಯವರು ಇಮಾಮುದ್ದೀನನ ಮನೆಮುಂದೆ ಆಟೋದಿಂದಿಳಿದರು. ಕ್ಯಾಲೆಂಡರಿಗಾಗಿ ಬಂದಿರಬೇಕೆಂದು ಅವನು ಸುರುಳಿ ತಂದು ಕೈಗಿಟ್ಟ. ಎರಡೂ ಅದಾರ್‌ಗಳು ಅದರಲ್ಲಿ ಅಂದವಾಗಿ ಕೂತಿದ್ದವು. ಬಾಯಿಯವರು ಅದನ್ನು ಬಿಚ್ಚಲಿಲ್ಲ.

“ನಾ ಇವತ್ತು ಮಾಫಿ ಕೇಳ್ಲಾಕ ಬಂದೀನಿ. ನಿಮಗ ಇಷ್ಟೆಲ್ಲ ಹೇಳಿ ನಾ ಸುಮ್ನ ಕುಂತ್ರ ಚಂದ ಅಲ್ಲ. ನಿಮ್ಮ ಮಗಳು ಉಮ್ಮೆ ಹಾನಿ ಹುಟ್ಟಿದ್ದು ಹದಿನಾಲ್ಕನೇ ತಾರೀಖಿಗಲ್ಲ, ಹದಿಮೂರಕ್ಕ.”

ಇಮಾಮುದ್ದೀನ್ ಇದ್ದಲ್ಲೇ ಕೂತ.

“ಸಂಜಿ ಏಳೂವರಿಗಿ ಹುಟ್ಟಿದ್ಳು. ಹೊತ್ತು ಮುಳುಗಿತ್ತು. ನಮ್ಮನ್ಯಾಗ ಹೊತ್ತು ಮುಳುಗಿದ್ರ ಮರುದಿನ ಅಲ್ಲೇನು, ನಿಮ್ಮನ್ಯಾಗೂ ಹಂಗೇ. ಎರಡು ಡ್ಯೂಟಿ ಮಾಡಿ ತಲಿ ತಿರಗ್ಲಾಕತ್ತಿತ್ತು, ಚೀಟಿ ಮ್ಯಾಲ ಮರುದಿನದ್ದು ಬರದೆ. ಆಮ್ಯಾಲ ತಿಳೀತು. ಬೈತಾರ ಅಂತ ಬಾಯಿ ಬಿಡಲಿಲ್ಲ.”

ಒಳಗಿನಿಂದ ದಿಲ್ಶಾದ್ ಬೇಗಂ ಚಹಾದ ತಟ್ಟೆ ಹಿಡಿದು ಬಂದವಳು ನಡುಮನೆಯಲ್ಲೇ ನಿಂತಳು. ಮಗಳು ಹುಟ್ಟಿದ ರಾತ್ರಿ ಛಾಪಖಾನೆಯಲ್ಲಿ ಹೊಸ ವರ್ಷದ ಕ್ಯಾಲೆಂಡರಿನ ಕರಡು ತಿದ್ದುತ್ತಿದ್ದ ಗಂಡ ಬೆಳಗಾದ ಮೇಲೆ ಆಸ್ಪತ್ರೆಗೆ ಬಂದಿದ್ದ. ನಿನ್ನೆ ಸಂಜೆ ಹುಟ್ಟಿದಳೆಂದು ಅವಳು ಎಷ್ಟು ಹೇಳಿದರೂ, ಚೀಟಿ ನೋಡಿ, “ನೋವಿನಾಗ ನಿಂಗ ದಿನ ತಿಳಿದಿಲ್ಲ” ಎಂದಿದ್ದ. ಮೂವತ್ತೆರಡು ವರ್ಷ, ಪ್ರತಿ ಹುಟ್ಟುಹಬ್ಬಕ್ಕೂ ಅವಳು ಹಿಂದಿನ ದಿನವೇ ಶಾವಿಗೆಯ ಶೀರ್‌ಖುರ್ಮಾ ಮಾಡಿ, ಅಭ್ಯಾಸಕ್ಕೆ ಮಾಡಿದೆ ಎಂದು ಹೇಳಿ ಮಗಳಿಗೆ ತಿನ್ನಿಸುತ್ತಿದ್ದಳು.

“ನಿಮಗ ಮಾಫ್ ಅದ ಬಾಯೀ” ಎಂದಳು ದಿಲ್ಶಾದ್, ಮಿಲ್ಕಾಬಾಯಿಯವರ ಕೈಗೆ ಮೊದಲ ಕಪ್ಪು ಕೊಡುತ್ತ. “ನೀವು ದಣಿದಿದ್ರಿ. ನೀವಾಗೇ ಬಂದು ಹೇಳಿದ್ರಿ.” ಎರಡನೆಯ ಕಪ್ಪನ್ನು ತಾನೇ ಕುಡಿಯತೊಡಗಿದಳು. ಮೂರನೆಯದು ತಟ್ಟೆಯಲ್ಲಿರಲಿಲ್ಲ.

ಬಾಯಿಯವರು ಕಿಟಕಿಯ ಆಚೆ ನೋಡಿ, “ಇಮಾಮ್‌ಭಾಯ್, ಹೊತ್ತು ಮುಳುಗಲಿಕ್ಕ ಇನ್ನ ಸ್ವಲ್ಪೇ ಅದ” ಎಂದು ಮೆಲ್ಲಗೆ ಹೇಳಿದರು.

ತಾರೀಖು ಇಮಾಮುದ್ದೀನ್ ಎದ್ದು ನಿಂತ. “ದಿಲ್ಶಾದ್...” ಎಂದು ಶುರುಮಾಡಿದ. ಮುಂದಿನ ಮಾತನ್ನು ಮೂವತ್ತೆರಡು ವರ್ಷ ಆಡದೆ ಇದ್ದುದರಿಂದ ನಾಲಗೆ ತಡವರಿಸಿತು. ಆದರೂ, ಸಂಜೆಯ ಮಗ್ರಿಬ್‌ನ ಅಜಾನ್ ಕೂಗುವ ಮೊದಲು, ಹೇಗೋ ಹೇಳಿ ಮುಗಿಸಿದ. ಅವಳು ಖಾಲಿ ಕಪ್ಪು ಕೆಳಗಿಟ್ಟು, ಒಳಗೆ ಹೋಗಿ, ಒಲೆಯ ಮೇಲೆ ಇನ್ನೊಂದು ಕಪ್ಪು ಚಹಾಕ್ಕಿಟ್ಟಳು.