ಸೊಟ್ಟ ಟೊಪ್ಪಿಗೆಗೆ ಇಸ್ತ್ರಿ

“ಅಜ್ಜಿ, ಇದೇನು ಮಾಡಿಬಿಟ್ರಿ?” ಎಂದು ಸಾಹೇಬರು ಟೊಪ್ಪಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಇವರು ಮೈಸೂರಿನವರು. ಮುಂಬೈ ಹತ್ತಿರ ಡೊಂಬಿವಲಿಯ ಇವರ ಮನೆಯಲ್ಲಿ ನಾನು ಬಟ್ಟೆ ಇಸ್ತ್ರಿ ಮಾಡುತ್ತೇನೆ. ನನ್ನ ಕೈಗೆ ಬಂದಾಗ ಟೊಪ್ಪಿಗೆಯ ಅಂಚು ಮುಂದೆ ಕೆಳಗೆ ಬಾಗಿ, ಹಿಂದೆ ಮೇಲಕ್ಕೆ ಎದ್ದಿತ್ತು. ಚೀಲದಲ್ಲಿ ಸಿಕ್ಕಿ ಸೊಟ್ಟಗಾಗಿದೆ ಎಂದುಕೊಂಡು, ಒದ್ದೆ ಬಟ್ಟೆ ಹಾಸಿ ಸುತ್ತಲೂ ರೊಟ್ಟಿಯಂತೆ ಸಪಾಟು ಮಾಡಿದ್ದೆ.

“ಅದನ್ನ ಹಂಗೇ ಬಾಗಿಸಿ ಹಾಕ್ಕೋಬೇಕು ಅಜ್ಜಿ. ಸಂಜೆ ಆಫೀಸಿನ ನಾಟಕಕ್ಕೆ ಇದೇ ಬೇಕಿತ್ತು.”

“ಅರ್ಧ ಬಿದ್ದು ಅರ್ಧ ಎದ್ದಿದ್ರ ನಮ್ಮ ಕಡೆ ಕೆಟ್ಟೈತಿ ಅಂತಾರ್ರಿ,” ಎಂದೆ. ಕೆಲಸ ಹೋಯಿತು ಎಂದೇ ತಿಳಿದಿದ್ದೆ.

ಅವರು ಕನ್ನಡಿಯ ಮುಂದೆ ನಿಂತು ಅಂಚನ್ನು ಎತ್ತಿದರು, ಇಳಿಸಿದರು. ಅದು ಮತ್ತೆ ಸಪಾಟಾಯಿತು. ಕೊನೆಗೆ ಹಾಗೆಯೇ ತಲೆಗಿಟ್ಟುಕೊಂಡು, “ನಾಳೆ ಬನ್ನಿ,” ಎಂದು ಹೊರಟರು. ಕೆಟ್ಟದ್ದು ಯಾವುದು, ನೆಟ್ಟಗಿದ್ದದ್ದು ಯಾವುದು ಎಂದು ನನಗೆ ತಿಳಿಯಲಿಲ್ಲ.

ಮರುದಿನ ಅವರ ಮಗಳ ಪ್ಯಾಂಟು ಇಸ್ತ್ರಿಗೆ ಬಂತು. ಎರಡೂ ಮೊಣಕಾಲು ಹರಿದಿದ್ದವು. ಸೂಜಿ ದಾರ ತೆಗೆದವಳು ಕೈ ತಡೆದು, “ಇದು ಹರಿದದ್ದೋ, ಹಿಂಗ ತಂದದ್ದೋ?” ಎಂದು ಮಗಳನ್ನೇ ಕೇಳಿದೆ. “ಐಸಾ ಹೀ ಹೈ, ಅಜ್ಜಿ, ಇದು ಇರೋದೇ ಹೀಗೆ,” ಎಂದಳು. ಹರಿದಲ್ಲಿಯೂ ಒಂದು ನೆರಿಗೆ ಉಳಿಯದಂತೆ ಇಸ್ತ್ರಿ ಮಾಡಿ ಕೊಟ್ಟೆ.