ಪೇಪರಿನ ಅಮಾನತು, ಅಬ್ಬಾನ ಅಮಾನತ್

ಬೆಳಿಗ್ಗೆ ಪೇಪರಿನಲ್ಲಿ ‘ಗುಮಾಸ್ತ ಅಮಾನತು’ ಎಂಬ ಸುದ್ದಿ ಓದಿ ಒಬ್ಬಳೇ ನಕ್ಕೆ.

ತಿಪಟೂರಿನ ಕೊಬ್ಬರಿ ಮಂಡಿಯ ಹತ್ತಿರ ಅಬ್ಬಾನ ಟೈಲರ್ ಅಂಗಡಿ. ಹೊಲಿದು ಉಳಿದ ಬಟ್ಟೆ ಅಂಗೈಯಷ್ಟಿದ್ದರೂ ಅದನ್ನು ಗಿರಾಕಿಯ ಪೊಟ್ಟಣಕ್ಕೇ ಸೇರಿಸುತ್ತಿದ್ದರು. ಮೂರನೇ ಕ್ಲಾಸಿನಲ್ಲಿದ್ದ ನಾನು, ನಮ್ಮ ಮಿಸ್ಸಿನ ರವಿಕೆ ಹೊಲಿದು ಉಳಿದಿದ್ದ ಹಸಿರು ರೇಷ್ಮೆ ಚೂರನ್ನು ಕದ್ದು ಬೊಂಬೆಗೆ ಲಂಗ ಹೊಲಿದೆ.

ಅಬ್ಬಾ ಬಯ್ಯಲಿಲ್ಲ. ಬೊಂಬೆಯನ್ನು ನೋಡಿ, “ಇದು ಅಮಾನತ್ ಕಣಮ್ಮ” ಎಂದರಷ್ಟೇ. ನಾನು ಜೋರಾಗಿ ಅಳತೊಡಗಿದೆ.

“ಸ್ಕೂಲಿಂದ ನನ್ನ ಅಮಾನತ್ ಮಾಡ್ಬುಡ್ತಾರಾ ಅಬ್ಬಾ?”

ಪೇಪರಿನಲ್ಲಿ ಓದಿದ ಅರ್ಥ ಬಿಟ್ಟರೆ ನನಗೆ ಬೇರೆ ಗೊತ್ತಿರಲಿಲ್ಲ. ಅಬ್ಬಾ ಕತ್ತರಿ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಅಯ್ಯೋ ಹುಚ್ಚಿ, ಅದು ಪೇಪರ್‌ನೋರ ಅಮಾನತು. ನಂಬಿ ನಮ್ಮ ಕೈಲಿ ಕೊಟ್ಟಿರ್ತಾರಲ್ಲ, ಅದು ನಮ್ಮ ಅಮಾನತ್. ಅದನ್ನ ಏನ್ ಮಾಡ್ದೆ ಅಂತ ಅಲ್ಲಾಹ್ ಕೇಳ್ತಾನೆ. ನೀನೇ ಹೋಗಿ ಕೊಟ್ಟು ಬಾ.”

ಲಂಗದ ಹೊಲಿಗೆ ಬಿಚ್ಚಿ, ಮರುದಿನ ಚೂರನ್ನು ಮಿಸ್ ಕೈಗೆ ಕೊಟ್ಟೆ.

“ಇದೇನೇ, ತುಂಬಾ ಸೂಜಿ ತೂತು?”

ಕ್ಲಾಸಿನಲ್ಲಿ ಹಾಜರಿ ಹೇಳಲೂ ಹೆದರುತ್ತಿದ್ದವಳು ಹೇಗೋ ಬಾಯಿಬಿಟ್ಟೆ. “ನಾನೇ ತಗೊಂಡಿದ್ದೆ ಮಿಸ್, ಬೊಂಬೆಗೆ.”

ನೀನೇ ಇಟ್ಕೋ ಎನ್ನುತ್ತಾರೆಂಬ ಸಣ್ಣ ಆಸೆಯಿತ್ತು. ಮಿಸ್ ಅದನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು. “ನೀನಾಗೇ ಹೇಳಿದ್ಯಲ್ಲ, ಹೋಗಿ ಕೂತ್ಕೋ” ಎಂದರು.

ಇವತ್ತು ಅಬ್ಬಾಗೆ ಇದನ್ನೆಲ್ಲ ನೆನಪಿಸಿದೆ. ಅವರಿಗೆ ಏನೂ ನೆನಪಿಲ್ಲ. ಮಷೀನಿನಿಂದ ತಲೆಯೆತ್ತದೆ, “ಎಲ್ಲರ ಚೂರೂ ವಾಪಸ್ ಕೊಡ್ತೀವಿ ಮಗಳೇ, ನಿಮ್ಮ ಮಿಸ್ಸಿಂದು ಯಾವುದು ಅಂತ ಹೇಗೆ ನೆನಪಿಟ್ಕೊಳ್ಳೋದು?” ಎಂದರು.