ಪಾಚಿ ಹೋಯ್ತು

ನಮ್ಮ ಗೌರಿ ಮಾತಾಡಿದಳು! ಮೊದಲು ಇದನ್ನು ಹೇಳಿಬಿಡುತ್ತೇನೆ, ಹಿಂದುಮುಂದೆಲ್ಲ ಆಮೇಲೆ. ಇವತ್ತು ಬೆಳಗ್ಗೆ ನಡುಮನೆಯ ಗಾಜಿನ ತೊಟ್ಟಿಯ ಮುಂದೆ ನಿಂತು, ಮೂರು ವರ್ಷ ತುಂಬುತ್ತ ಬಂದರೂ ತುಟಿಯಿಂದ ಒಂದಕ್ಷರ ಜಾರಿಸದಿದ್ದ ನನ್ನ ಮೊಮ್ಮಗಳು ಎರಡು ಮಾತನ್ನು ಜೋಡಿ ಎತ್ತಿನ ಹಾಗೆ ಒಟ್ಟಿಗೇ ಹೊರಡಿಸಿದಳು: "ಪಾಚಿ ಓಯ್ತು!"

ನಾನು ಕಲಿತದ್ದು ಕೂಲಿಮಠದ ಮರಳಿನಲ್ಲಿ ಬೆರಳಿಂದ ತಿದ್ದಿದಷ್ಟು ಅಕ್ಷರ. ಮಿಕ್ಕ ದೊಡ್ಡ ದೊಡ್ಡ ಮಾತೆಲ್ಲ ಹರಿಕಥೆ ಕೇಳಿ ಕೇಳಿ ಕಿವಿಗೆ ಅಂಟಿಕೊಂಡದ್ದು. ಅದರಲ್ಲಿ 'ಪರಮಾನಂದ' ಅನ್ನುವ ಪದಕ್ಕೆ ಇವತ್ತು ಅರ್ಥ ತಿಳಿಯಿತು ನೋಡಿ. ಅದು ಬಂದರೆ ಮನುಷ್ಯ ದೇವರ ಗೂಡನ್ನೂ ಮರೆಯುತ್ತಾನೆ. ನಾನು ನಿಂತಲ್ಲೇ ತೊಟ್ಟಿಗೆ ಕೈಮುಗಿದೆ.

ಅಮ್ಮ ಅಲ್ಲ, ಅಪ್ಪ ಅಲ್ಲ, ಹಗಲೂ ಇರುಳೂ ಹೊತ್ತು ತಿರುಗಿದ ಈ ತಾತನೂ ಅಲ್ಲ, ಮೊದಲ ಮಾತಿಗೆ ಪಾಚಿಯೇ ಬೇಕಾಯಿತೇ ಅಂತ ನೀವು ಕೇಳಬಹುದು. ಅದಕ್ಕೆ ತೊಟ್ಟಿಯ ಕಥೆ ಹೇಳಬೇಕು.

ನನ್ನ ಮಗ ನಾಗರಾಜ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವವನು. ನಾವು ರಾಗಿ ಬೆಳೆಯುತ್ತಿದ್ದ ನೆಲವನ್ನೆಲ್ಲ ಈಗ ಬ್ಲಾಕು ಬ್ಲಾಕು ಅಂತ ಕೊಯ್ದು ಜಯನಗರ ಮಾಡಿದ್ದಾರಲ್ಲ, ಅದರಲ್ಲೇ ಒಂದು ಚೂರಿನ ಮೇಲೆ ನಮ್ಮ ಮನೆ. ಬೀದಿಯ ಗಿಡಗಳಿನ್ನೂ ನನ್ನ ಮೊಣಕೈ ಎತ್ತರಕ್ಕಿವೆ, ಆದ್ದರಿಂದ ಕಿಟಕಿಗೆ ಬಿಸಿಲಿನ ಬರವಿಲ್ಲ. ಮದರಾಸಿಗೆ ಹೋಗಿದ್ದ ಮಗ ಬರುವಾಗ ದೊಡ್ಡ ಗಾಜಿನ ಬುಡ್ಡಿಗಳಲ್ಲಿ ಸಮುದ್ರದ ನೀರನ್ನೇ ರೈಲು ಹತ್ತಿಸಿಕೊಂಡು ಬಂದ. ಜೊತೆಗೆ ಅಡ್ಡಪಟ್ಟೆಯ ಎರಡು ಪುಟ್ಟ ಮೀನು, ಬೆನ್ನ ಮೇಲೆ ಚಿಪ್ಪು ಹೊತ್ತ ಒಂದು ಶಂಖದ ಹುಳು. "ಜನ ಕಾಶಿಯಿಂದ ಗಂಗೆ ತರ್ತಾರೆ, ನನ್ನ ಮಗ ಮದರಾಸಿಂದ ಉಪ್ಪುನೀರು ತಂದವ್ನೆ" ಅಂತ ನನ್ನ ಹೆಂಡತಿ ಚೌಡಮ್ಮ ಹಣೆ ಚಚ್ಚಿಕೊಂಡಳು.

ಆದರೆ ಗೌರಿ ಆ ತೊಟ್ಟಿಯ ಮುಂದೆ ಕೂತವಳು ಏಳಲಿಲ್ಲ. ಮೀನು ಬಾಯಿ ತೆರೆದರೆ ಇವಳೂ ತೆರೆಯುವಳು, ಅದು ಮುಚ್ಚಿದರೆ ಇವಳೂ ಮುಚ್ಚುವಳು, ಸದ್ದು ಮಾತ್ರ ಇಲ್ಲ. ಡಾಕ್ಟರು ಕಿವಿ ನೋಡಿ ಚೆನ್ನಾಗಿದೆ ಅಂದಿದ್ದರು, ಬೇಗೂರಿನ ನಾಗೇಶ್ವರನಿಗೆ ಹರಕೆಯೂ ಆಗಿತ್ತು. ಬಂದ ನೆಂಟರು "ಹುಡುಗಿ ಮೂಗೀನಾ?" ಅಂತ ಮೆಲ್ಲಗೆ ಕೇಳಿದ್ದು ಸೊಸೆ ಸರೋಜಳ ಕಿವಿಗೆ ಜೋರಾಗಿಯೇ ಬಿದ್ದಿತ್ತು. ಹೀಗಿರುವಾಗ ಮಗುವಿನ ತುಟಿ ಅಲುಗುವುದು ಈ ತೊಟ್ಟಿಯ ಮುಂದೆ ಮಾತ್ರ ಅಂತ ಕಂಡುಹಿಡಿದವಳು ಸರೋಜಳೇ. ಅಂದಿನಿಂದ ನಮ್ಮ ಮನೆಯಲ್ಲಿ ದೇವರ ಗೂಡಿಗಿಂತ ತೊಟ್ಟಿಗೇ ಭಯಭಕ್ತಿ ಜಾಸ್ತಿಯಾಯಿತು.

ಅಂಥ ತೊಟ್ಟಿಗೆ ಪಾಚಿ ಹಿಡಿಯಿತು. ಮೊದಲು ಕಾಫಿಪುಡಿ ಉದುರಿಸಿದ ಹಾಗೆ ಕಂದು, ಆಮೇಲೆ ಹಸುರು, ಆಮೇಲೆ ಕಲ್ಲಿಗೆಲ್ಲ ಜಡೆ ಬೆಳೆದು ಸಾಕ್ಷಾತ್ ಋಷಿಗಳ ಆಶ್ರಮವೇ ಆಯಿತು. ನಾಗರಾಜ ಹಳೇ ಬ್ಲೇಡಿನಿಂದ ಕೆರೆದಷ್ಟೂ ರಕ್ತಬೀಜಾಸುರನ ಹಾಗೆ ಮತ್ತೆ ಹುಟ್ಟುವುದು. ಗೌರಿ ಅಂಗೈಯಿಂದ ಗಾಜು ಒರೆಸುವಳು, ಒಳಗಡೆಯ ಹಸುರು ಹೊರಗಡೆಯ ಕೈಗೆ ಸಿಕ್ಕೀತೇ?

ಪಾಚಿಗೂ ನನಗೂ ಹಳೇ ಪರಿಚಯ, ಅದನ್ನೂ ಹೇಳಿಬಿಡುತ್ತೇನೆ. ಹೆಣ್ಣು ನೋಡಲು ಬೇಗೂರಿಗೆ ಹೋದವನು ಶಾಸ್ತ್ರಕ್ಕೆ ಕಾಲು ತೊಳೆಯೋಣ ಅಂತ ಕೆರೆಗೆ ಇಳಿದೆ. ಮೆಟ್ಟಿಲಿನ ಪಾಚಿ ನನ್ನನ್ನು ಹೊಸ ಪಂಚೆ, ಪೇಟದ ಸಮೇತ ಸ್ವೀಕರಿಸಿತು. ಬಿಂದಿಗೆ ಹಿಡಿದು ನಿಂತಿದ್ದ ಒಬ್ಬ ಹುಡುಗಿ ಕಿಸಕ್ಕೆಂದು ನಕ್ಕಳು. ಮನೆಗೆ ಹೋಗಿ ಕೂತರೆ, ತಟ್ಟೆ ಹಿಡಿದು ಬಂದ ಹೆಣ್ಣು ಅವಳೇ! "ಮೀನು ಹಿಡಿಯಕ್ಕೆ ಹೋಗಿದ್ರಾ?" ಅಂದದ್ದೇ ಚೌಡಮ್ಮ ನನ್ನ ಜೊತೆ ಆಡಿದ ಮೊದಲ ಮಾತು. ಆದ್ದರಿಂದ ಪಾಚಿಯನ್ನು ಬೈಯುವಾಗೆಲ್ಲ ನನ್ನ ನಾಲಗೆ ಸ್ವಲ್ಪ ತಡೆಯುತ್ತದೆ.

ಆದರೂ ತೊಟ್ಟಿ ಉಳಿಯಬೇಕಲ್ಲ. ನಾನೂ ಕೈಹಾಕಿದೆ. ನೀರು ದಿನಾ ಇಷ್ಟಿಷ್ಟೇ ಇಳಿಯುತ್ತಿತ್ತು. ಸಮುದ್ರ ಕಡಿಮೆಯಾದರೆ ಉಪ್ಪುನೀರು ತಾನೇ ತುಂಬಬೇಕು ಅಂತ ಚೆಂಬಿಗೆ ಹಿಡಿ ಕಲ್ಲುಪ್ಪು ಕದಡಿ ಸುರಿಯುತ್ತ ಬಂದೆ. ಮೀನುಗಳು ಮಂಕಾದವು. ನಾಗರಾಜ ನೋಡಿ ಗಾಬರಿಯಾದ.

"ಅಪ್ಪಾ, ಆವಿಯಾಗಿ ಹೋಗೋದು ನೀರು ಮಾತ್ರ. ಉಪ್ಪೆಲ್ಲ ಇಲ್ಲೇ ಇರುತ್ತೆ. ಸಿಹಿನೀರು ಹಾಕ್ಬೇಕು!"

"ಸಾರು ಕುದ್ದು ಗಟ್ಟಿಯಾದ್ರೆ ಯಾರಾನ ಉಪ್ಪು ಹಾಕ್ತಾರೇನ್ರೀ?" ಅಂತ ಒಲೆಯ ಮುಂದಿನಿಂದಲೇ ಚೌಡಮ್ಮ ಕೇಳಿದಳು. ನಾನು ಉಪ್ಪಿನ ಚೆಂಬನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ.

ಆಮೇಲೆ ಇನ್ನೊಂದು ಬಯಲಾಯಿತು. ದಿನಾ ಬೆಳಗ್ಗೆ ನಾನು ಗೌರಿಯ ಉಡಿಗೆ ಹಾಕುತ್ತಿದ್ದ ಕಡ್ಲೆಪುರಿಯಲ್ಲಿ ಅರ್ಧ ತೊಟ್ಟಿಗೆ ಹೋಗುತ್ತಿತ್ತು. ಮೀನು ತಿಂದು ಬಿಟ್ಟದ್ದು ಕೊಳೆತು ಪಾಚಿಗೆ ಗೊಬ್ಬರ. ಗೊಬ್ಬರ ನನ್ನದು, ಕಿಟಕಿಯ ಬಿಸಿಲು ಮಗನದು. ಒಕ್ಕಲು ಬಿಟ್ಟು ಇಷ್ಟು ವರ್ಷವಾದ ಮೇಲೆ ಅಪ್ಪ ಮಗ ಸೇರಿ ನಡುಮನೆಯಲ್ಲಿ ಒಳ್ಳೇ ಬೆಳೆ ತೆಗೆದಿದ್ದೆವು.

ಸೋತ ನಾಗರಾಜ "ತೊಟ್ಟೀನ ಕಾಲೇಜಿಗೆ ಕೊಟ್ಬಿಡ್ತೀನಿ" ಅಂದ. ಸರೋಜ ಯಾವತ್ತೂ ನಮ್ಮೆದುರು ಗಂಡನಿಗೆ ದನಿಯೆತ್ತಿದವಳಲ್ಲ. ಅವತ್ತು ಎತ್ತಿದಳು. "ಕೊಟ್ಬಿಟ್ರೆ ಮಗು ಯಾರ ಜೊತೆ ಬಾಯಾಡಿಸ್ಬೇಕು? ನನ್ನ ಮುಂದೆ ಅದರ ತುಟಿ ಬಿಚ್ಚೋದಿಲ್ಲ, ಗೊತ್ತಲ್ಲ ನಿಮ್ಗೆ?"

ನಾಗರಾಜ ಒಂದಷ್ಟು ನೀರು ತೆಗೆದು ಬುಡ್ಡಿಯಲ್ಲಿ ಮಿಕ್ಕಿದ್ದ ಸಮುದ್ರದ ನೀರು ತುಂಬಿದ, ತೊಟ್ಟಿಯನ್ನು ಕಿಟಕಿಯಿಂದ ಸರಿಸಿದ. "ಕೆಲವು ದಿನ ಪೂರ್ತಿ ಕತ್ತಲೆ ಮಾಡೋಣ. ಬೆಳಕಿಲ್ದಿದ್ರೆ ಪಾಚಿ ಸಾಯುತ್ತೆ, ಮೀನು ತಡೀತಾವೆ. ಇದೇ ಕೊನೇ ಸಲ" ಅಂದ.

ನನ್ನ ಕರೀ ಕಂಬಳಿಯನ್ನು ತೊಟ್ಟಿಗೆ ಹೊದಿಸಿದೆವು. ಗೌರಿ ಕಂಬಳಿಯ ಅಂಚು ಹಿಡಿದು ನನ್ನ ಮುಖ ನೋಡಿದಳು. ಆ ಕಣ್ಣಿನಲ್ಲಿ ನೀರು ತುಂಬುತ್ತಿತ್ತು. ಸಾಯುತ್ತೆ, ತಡೀತಾವೆ ಅನ್ನುವುದನ್ನೆಲ್ಲ ಮಗುವಿಗೆ ಹೇಗೆ ಹೇಳುವುದು? ಅಂಗೈ ಕೆನ್ನೆಗೆ ಒತ್ತಿ, ಕಣ್ಣು ಮುಚ್ಚಿ, ಅವಳನ್ನು ಮಲಗಿಸುವಾಗ ಹೇಳುವ ಮಾತನ್ನೇ ಹೇಳಿದೆ: "ಪಾಚಿ ಪುಟ್ಟಾ, ಪಾಚಿ. ಮೀನು ಪಾಚಿ ಮಾಡ್ತಾವೆ. ಸದ್ದು ಮಾಡ್ಬಾರ್ದು."

ನಮ್ಮ ಕಡೆಯ ಕಂದಮ್ಮಗಳಿಗೆ ನಿದ್ದೆಯೂ ಪಾಚಿಯೇ ಅನ್ನುವುದು ಆ ಹೊತ್ತಿನಲ್ಲಿ ನನಗೆ ಹೊಳೆದಿರಲಿಲ್ಲ, ಬಾಯಿಗೆ ಬಂದದ್ದನ್ನು ಅಂದೆ ಅಷ್ಟೆ.

ಆಮೇಲೆ ನಡೆದದ್ದು ತಮಾಷೆ. ಗೌರಿ ಕಾವಲು ಕೂತಳು. ಯಾರಾದರೂ ಜೋರಾಗಿ ಮಾತಾಡಿದರೆ ಓಡಿ ಬಂದು ಬಾಯಿ ಮುಚ್ಚುವಳು. ನಾನು ಇಷ್ಟು ವರ್ಷದಲ್ಲಿ ಮುಚ್ಚಿಸಲಾಗದ ಚೌಡಮ್ಮನ ಬಾಯನ್ನು ಅವಳು ಎರಡು ಬೆರಳಲ್ಲಿ ಮುಚ್ಚಿಸಿದಳು! ಮನೆಯೆಲ್ಲ ಪಿಸುಮಾತಾಯಿತು. ಬೆಳಗಾಗೆದ್ದರೆ "ಅಮ್ಮ ಅನ್ನು, ತಾತ ಅನ್ನು, ಒಂದೇ ಒಂದ್ಸಲ ಅನ್ನು ಚಿನ್ನಾ" ಅಂತ ಅದರ ಬೆನ್ನು ಬೀಳುತ್ತಿದ್ದ ನಾವೆಲ್ಲ ಆ ದಿನಗಳಲ್ಲಿ ಆ ಒತ್ತಾಯವನ್ನೇ ಮರೆತೆವು. ನಮ್ಮೊಳಗೆ ಓಡಾಡುತ್ತಿದ್ದದ್ದು ಒಂದೇ ಪಿಸುಮಾತು: "ಪಾಚಿ ಹೋಯ್ತೇನೋ?" "ಹೋಗಿರುತ್ತೇನ್ರೀ ಪಾಚಿ?"

ಇವತ್ತು ಬೆಳಗ್ಗೆ ಕಂಬಳಿ ಎಳೆದೆವು. ಜಡೆಗಳೆಲ್ಲ ಬಿಳಿಚಿ ಉದುರಿದ್ದವು, ಗಾಜು ತಿಳಿ, ನೀರು ತಿಳಿ, ಎರಡು ಮೀನೂ ಪಟ್ಟೆ ಮಿಂಚಿಸುತ್ತ ಎದುರಿಗೇ ಬಂದವು. ಗೌರಿ ಎರಡು ಅಂಗೈ ಗಾಜಿಗೆ ಊರಿದಳು. ಬಾಯಿ ತೆರೆಯಿತು. ಸದ್ದು ಬಂತು.

"ಪಾಚಿ ಓಯ್ತು!"

ಸರೋಜ ಸೌಟು ಹಿಡಿದೇ ಓಡಿ ಬಂದು ಮಗುವನ್ನು ಅವುಚಿಕೊಂಡು ಅತ್ತಳು. ಅಳು ಮುಗಿಯುವ ಮೊದಲೇ ವಾದ ಶುರು. "ನೋಡಪ್ಪಾ, ಗಾಜು ನೋಡಿ ಪಾಚಿ ಹೋಯ್ತು ಅಂದ್ಳು, ಎಷ್ಟು ಸರಿಯಾಗಿ ಗಮನಿಸವ್ಳೆ!" ಅಂತ ನಾಗರಾಜ. "ನಿನ್ನ ತಲೆ! ಮೀನಿಗೆ ನಿದ್ದೆ ಹೋಯ್ತು, ಎಚ್ಚರಾಯ್ತು ಅಂತ ಮಗು ಹೇಳದು" ಅಂತ ಚೌಡಮ್ಮ. ನನ್ನ ತೀರ್ಪು ಕೇಳಿದರು. ಮೂರಕ್ಷರ ಕಲಿತವನು ಏನು ಹೇಳಲಿ? ಬೆಳಕು ಅತಿಯಾಗಿ, ಗೊಬ್ಬರ ಅತಿಯಾಗಿ ತೊಟ್ಟಿಗೆ ಪಾಚಿ ಕಟ್ಟಿತು. 'ಅನ್ನು, ಅನ್ನು' ಅಂತ ಪ್ರೀತಿಯನ್ನು ಹಿಡಿಹಿಡಿ ಸುರಿದು ಆ ಪುಟ್ಟ ನಾಲಗೆಗೂ ಏನನ್ನು ಕಟ್ಟಿದ್ದೆವೋ. ನಾವು ಒಂದಿಷ್ಟು ಸುಮ್ಮನಾದಾಗ ಅದು ತಾನಾಗಿ ಬಿಟ್ಟಿತು ಅಂತ ನನಗನ್ನಿಸುತ್ತದೆ. ನಾಗೇಶ್ವರನ ಪಾಲು ಇದ್ದರೆ ಅದೂ ಇರಲಿ, ಹರಕೆ ತೀರಿಸೋಣ.

ಮಗನಿಗೆ ಒಂದು ಮಾತು ಮಾತ್ರ ಹೇಳಿದೆ. ಹಿಂಬದಿಯ ಗಾಜಿನಲ್ಲಿ ಉಗುರಗಲ ಪಾಚಿ ಉಳಿದಿದೆಯಲ್ಲ, ಅದನ್ನು ಕೆರೆಯಬೇಡ. ಶಂಖದ ಹುಳುವಿಗೂ ಹೊಟ್ಟೆಯಿದೆ. ನನಗೆ ಹೆಂಡತಿಯನ್ನು ಕೊಟ್ಟದ್ದೂ ಪಾಚಿಯೇ.

ಸಂಜೆ ತೊಟ್ಟಿಯ ಮುಂದೆಯೇ ಎಲೆ ಹಾಕಿದೆವು. ಗಂಡಸರು ಉಂಡ ಮೇಲೆ ಹೆಂಗಸರು ಅನ್ನುವುದು ನಮ್ಮ ಮನೆಯ ರೂಢಿ. ಇವತ್ತು ಅದು ಯಾರಿಗೂ ನೆನಪಾಗಲಿಲ್ಲ, ಎಲ್ಲರೂ ಒಂದೇ ಸಾಲಿಗೆ ಕೂತೆವು. ಮುದ್ದೆ, ಅವರೆಕಾಳಿನ ಸಾರು. ಅರ್ಧ ಮುದ್ದೆ ಮುಗಿದ ಮೇಲೆ ಸರೋಜ ಮೆಲ್ಲಗೆ, "ಅತ್ತೆ, ಸಾರಿಗೆ ಉಪ್ಪೇ ಬಿದ್ದಿಲ್ಲ" ಅಂದಳು. ಚೌಡಮ್ಮ ಕೆನ್ನೆಗೆ ಕೈಯಿಟ್ಟುಕೊಂಡಳು. "ಈಗಲಾದ್ರೂ ನಾನು ಉಪ್ಪು ಹಾಕಬಹುದೇನಮ್ಮ?" ಅಂತ ನಾನು ಕೇಳಿದೆ. ಎಲ್ಲರೂ ನಕ್ಕರು.

ಗೌರಿ ನನ್ನ ತೊಡೆಯ ಮೇಲಿದ್ದಳು, ಕೆನ್ನೆಯೊಳಗೆ ಮುದ್ದೆಯ ತುತ್ತು ಹಾಗೇ ಇತ್ತು. ರೆಪ್ಪೆ ಎಳೆಯುತ್ತಿತ್ತು. ತೊಟ್ಟಿಯ ಹಿಂಬದಿಗೆ ಒಮ್ಮೆ ನೋಡಿ, ನನ್ನ ಎದೆಗೆ ತಲೆ ಇಟ್ಟು ಅಂದಳು:

"ಪಾಚಿ."

ಯಾವ ಪಾಚಿ ಅಂತ ಯಾರೂ ಕೇಳಲಿಲ್ಲ. ಸದ್ದು ಮಾಡದೆ ಎಲ್ಲರೂ ಉಂಡೆವು.